ಕೆಂದಿ ಹೆತ್ತ ಬಿಳಿ ಮರಿ

ಹಿರೇಬಯಲು, 30 ಫೆಬ್ರವರಿ 2308

ನಮಗಿಂತ ಹಿಂದಿನ ಕಾಲದಲ್ಲಿ ಚುಕ್ಕಿ ಕುದುರೆ ಸಾಕುವ ಹಿರಿಯರಿಗೆ,

ನಮ್ಮ ಕುದುರೆ ಕೆಂದಿ ಹೆತ್ತ ಮರಿಗೂ ಇರುಳುಗುರುಡು. ರಕ್ತಪರೀಕ್ಷೆಯ ಫಲಿತಾಂಶವನ್ನು ನಮ್ಮ ಅಶ್ವಶಾಲೆಯ ವೈದ್ಯೆ ಮೆಹರುನ್ನಿಸಾ ನದಾಫ್ ನಿನ್ನೆ ತಿಳಿಸಿದರು. ಹೆರಿಗೆಯಲ್ಲಿ ಕೆಂದಿ ಸತ್ತಿದೆ. ಕತ್ತಲಲ್ಲಿ ಕಣ್ಣು ಕಾಣುವ ಕುದುರೆ ಇನ್ನು ನಮ್ಮಲ್ಲಿ ಒಂದೂ ಇಲ್ಲ. ಬೇರೆಡೆ ಕುದುರೆ ಉಳಿದಿರುವ ಸುದ್ದಿಯೂ ಇಲ್ಲ.

ತಾರೀಖು ವಿಚಿತ್ರವೆನಿಸಿದರೆ ಕ್ಷಮಿಸಿ. ನಮ್ಮ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಕೆಲವು ಮಾತುಗಳೂ ಹೊಸವು. ಚುಕ್ಕಿಯ ಜೀನ್ ತಾಯಿ, ತಂದೆ ಇಬ್ಬರಲ್ಲಿ ಒಬ್ಬರಿಂದಷ್ಟೇ ಬಂದ ಕುದುರೆಯನ್ನು ‘ಒಂಟಿ’ ಎನ್ನುತ್ತೇವೆ. ಅದಕ್ಕೆ ಮೈತುಂಬ ಚುಕ್ಕಿ, ಕಣ್ಣೂ ಚೆನ್ನ. ಇಬ್ಬರಿಂದಲೂ ಬಂದರೆ ‘ಇಮ್ಮಡಿ’. ಅದು ಹೆಚ್ಚುಕಡಿಮೆ ಬೆಳ್ಳಗೆ ಹುಟ್ಟುತ್ತದೆ, ಕತ್ತಲಾದರೆ ಗೋಡೆಗೆ ಹಾಯುತ್ತದೆ.

ನಮ್ಮ ಹಿಂದಿನವರಲ್ಲಿ ಒಂದು ಪದ್ಧತಿಯಿತ್ತು. ಆರು ತಿಂಗಳ ಮರಿಯನ್ನು ಸುಣ್ಣದ ಗೋಡೆಗೆ ನಿಲ್ಲಿಸಿ ಊರೆಲ್ಲ ಸೇರಿ ಚುಕ್ಕಿ ಎಣಿಸುತ್ತಿದ್ದರು. ಒಂದೂ ಇಲ್ಲದ ಸಾದಾ ಮರಿ ಗಂಡಾದರೆ ಬೀಜ ಒಡೆಸುತ್ತಿದ್ದರು, ಹೆಣ್ಣಾದರೆ ಗಂಡಿನ ಹತ್ತಿರ ಬಿಡುತ್ತಿರಲಿಲ್ಲ. ಇಮ್ಮಡಿ ಗಂಡಿಗೆ ಸಾದಾ ಮರಿ ಹುಟ್ಟುವುದೇ ಇಲ್ಲ. ಹೀಗಾಗಿ ಎಲ್ಲರೂ ಅದನ್ನೇ ಕೇಳಿ ತಂದರು. ಆಗ ಕುದುರೆಗಳು ದುಡಿಯುತ್ತಿದ್ದುದು ಹಗಲಿನಲ್ಲಿ. ಕುರುಡನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಈಗ ಬಿಸಿಲಿಗೆ ಹೊರಗೆ ಕಾಲಿಡುವಂತಿಲ್ಲ. ಹನ್ನೆರಡು ಮೈಲಿ ದೂರದ ಬಾವಿಯಿಂದ ರಾತ್ರಿಯೇ ನೀರು ಬರಬೇಕು. ಎತ್ತುಗಳು ನಮ್ಮಜ್ಜನ ಕಾಲಕ್ಕೇ ಮುಗಿದವು. ಕೆಂದಿ ನಮ್ಮ ಕೊನೆಯ ಒಂಟಿ. ಅದು ಮುಂದೆ ನಡೆದರೆ, ಹಗ್ಗ ಕಟ್ಟಿದ ಹತ್ತು ಬಿಳಿ ಕುದುರೆಗಳು ಗಾಡಿ ಎಳೆದುಕೊಂಡು ಹಿಂದೆ ಬರುತ್ತಿದ್ದವು; ದೀಪ ಹಿಡಿದ ಮನುಷ್ಯರ ಹಿಂದೆ ಅವು ಹೆಜ್ಜೆ ಇಡುವುದಿಲ್ಲ. ಅದರ ಹೊಟ್ಟೆಯಲ್ಲಿ ಒಂಟಿ ಮರಿ ಹುಟ್ಟುವ ಅವಕಾಶ ಪ್ರತಿ ಸಲವೂ ಅರ್ಧಕ್ಕರ್ಧ. ಆರು ಸಲ ಹೆತ್ತಿತು. ಆರೂ ಇಮ್ಮಡಿ.

ಕೆಂದಿಯನ್ನು ನೋಡಿಕೊಳ್ಳುತ್ತಿದ್ದ ಭರಮಪ್ಪ ತಳವಾರ ಮರಿಯ ಮೈ ಒರೆಸುತ್ತ ಕೇಳಿದ: “ಹಾಲಿನಂಗ ಐತಲ್ರೀ ಡಾಕ್ಟ್ರವ್ವಾರ, ಇದಕ್ಯಾಕ ಈ ಶಿಕ್ಷಾ?”

“ಶಿಕ್ಷಾ ಅದಕ್ಕಲ್ಲೋ, ನಮಗ.”

“ನಮ್ಮ ಮುತ್ತ್ಯಾ ಚುಕ್ಕಿ ಎಣಿಸಿ ಎಣಿಸಿ ಮೀಸಿ ತಿರುವಿದ. ನಾ ಏನ್ ಎಣಸ್ಲಿ? ಕೊಡಾ?”



ನಿಮ್ಮ ಲಾಯದಲ್ಲಿ ಸಾದಾ ಕಂದು ಗಂಡುಮರಿ ಇದ್ದರೆ ದಯವಿಟ್ಟು ಅದರ ಬೀಜ ಒಡೆಸಬೇಡಿ. ಅದಕ್ಕೂ ಇರುಳಲ್ಲಿ ಕಣ್ಣು ಕಾಣುತ್ತದೆ, ಇಮ್ಮಡಿಗೆ ಕೂಡಿಸಿದರೆ ಹುಟ್ಟುವ ಮರಿಗಳೆಲ್ಲ ಒಂಟಿಯೇ. ಈ ಪತ್ರ ನಿಮ್ಮನ್ನು ತಲುಪುತ್ತದೆಂಬ ನಂಬಿಕೆ ನನಗಿಲ್ಲ. ತಲುಪಿದ್ದರೆ ನಮ್ಮಲ್ಲಿ ಒಂದಾದರೂ ಸಾದಾ ಕುದುರೆ ಇರುತ್ತಿತ್ತು.

ನೀರಿನ ಗಾಡಿಗಳನ್ನು ಇನ್ನು ಜನರೇ ಎಳೆಯಬೇಕೆಂದು ಊರ ಸಭೆ ತೀರ್ಮಾನಿಸಿದೆ. ಹದಿನಾಲ್ಕು ವರ್ಷ ಮೇಲ್ಪಟ್ಟವರ ನೋಂದಣಿ ಗುರುವಾರ ಬೆಳಗ್ಗೆ ಐದಕ್ಕೆ, ಅಶ್ವಶಾಲೆಯ ಅಂಗಳದಲ್ಲಿ.

ನೀಲಗಂಗಾ ಸವಡಿ
ತಳಿ ದಾಖಲೆಗಾರ್ತಿ