ಬಾಡಿಗೆ ಮೂಗು

ಫೆಬ್ರವರಿ ೩, ಬೆಳಿಗ್ಗೆ

ಮೊದಲ ಕಪ್ಪು: ಸ್ಟ್ರಾಬೆರಿ ಐಸ್‌ಕ್ರೀಂ ಚಹಾ. ಮೂರನೇ ಕ್ಲಾಸಿನಲ್ಲಿ ಪಕ್ಕದ ಹುಡುಗನ ಹತ್ತಿರ ಗುಲಾಬಿ ಬಣ್ಣದ ರಬ್ಬರೊಂದಿತ್ತು, ಅದೇ ವಾಸನೆ. ಆ ರಬ್ಬರನ್ನು ಕಚ್ಚಿ ನುಂಗಿದ್ದೆ. ಹೋಲಿಸಿದರೆ ರಬ್ಬರೇ ಮೇಲು.

ಎರಡನೆಯದು: ಕಾಡುಹಣ್ಣಿನ ಚಹಾ. ಕೆಂಪು, ಹುಳಿ. ಹಣ್ಣಿನ ಚಹಾಗಳ ಹಣೆಬರಹವೇ ಇಷ್ಟು. ಪೊಟ್ಟಣದ ಮೇಲೆ ಯಾವ ಹಣ್ಣಿನ ಚಿತ್ರವಾದರೂ ಇರಲಿ, ಒಳಗೆ ಕೂತು ಯಜಮಾನಿಕೆ ಮಾಡುವುದು ದಾಸವಾಳ.

ಇದೆಲ್ಲ ಅಕ್ಕನ ಮಗಳು ರುಚಿ ನೋಡಿ ಬಿಟ್ಟದ್ದು. ಚಹಾ ಕಂಪನಿಯಲ್ಲಿ ಅವಳಿಗೆ ಅದೇ ಉದ್ಯೋಗ. ಹೊಸ ಲಾಟು, ಅಂದರೆ ಹೊಸ ಸರಕು, ಬಂದರೆ ಕುದಿಸಿದ ನೀರು ಹಾಕಿ, ಚಮಚದಲ್ಲಿ ಸೊರ್ರೆಂದು ಎಳೆದು, ಪಾಸು ಅಥವಾ ವಾಪಸು ಎಂದು ಹೇಳುವುದು. ಪಾಸಾದದ್ದಕ್ಕೆ ಪೊಟ್ಟಣದ ಹಿಂದೆ ನಾಲ್ಕು ಸಾಲು ಬರೆಯುವುದು. ಜ್ವರ ಬಂದು ಮಲಗಿದ್ದಾಳೆಂದು ಅಕ್ಕ ನನ್ನನ್ನು ಇಲ್ಲಿಗೆ ಅಟ್ಟಿದಳು. ಜ್ವರ ಹೋಗಿದೆ. ನಾನು ಹೋಗಿಲ್ಲ. ಅವಳಿಗೆ ಇನ್ನೂ ಸುಸ್ತು ಎಂದು ಕಂಪನಿಯವರು ಸ್ಯಾಂಪಲ್ಲನ್ನು ಮನೆಗೇ ಕಳಿಸುತ್ತಾರೆ. ಅವಳು ಒಂದು ಗುಟುಕು, ಮಿಕ್ಕದ್ದು ನಾನು. ರಾಜಯೋಗ.

ಫೆಬ್ರವರಿ ೪

ಇವತ್ತು ಅವಮಾನವಾಯಿತು. ಕ್ಯಾರಮೆಲ್ ಚಹಾ ಕುಡಿದು, ಬೆಲ್ಲ ತಳ ಹಿಡಿದ ಹಾಗಿದೆ ಎಂದೆ. ಅವಳು ನಕ್ಕಳು. ಮೂವತ್ತು ವರ್ಷ ಬೀಡಿ, ಡೀಸೆಲ್ ಕುಡಿದ ಮೂಗು ನಿಮ್ಮದು, ಬಿಡಿ ಮಾವ, ಅಂದಳು.

ಯಾರಿಗೆ ಹೇಳಿದ್ದು? ಲಾರಿ ಓಡಿಸುವಾಗ ಟಾರ್ಪಾಲು ಬಿಚ್ಚದೆ ಲೋಡು ಯಾವುದೆಂದು ಹೇಳುತ್ತಿದ್ದವನಿಗೆ. ಈರುಳ್ಳಿ ಯಾರಾದರೂ ಹೇಳುತ್ತಾರೆ. ನಾನು ಸಿಮೆಂಟು ಹೇಳುತ್ತಿದ್ದೆ. ನನ್ನಂಥ ಮೂಗು ಆ ಹೆದ್ದಾರಿಯಲ್ಲಿ ಇನ್ನೊಂದಿರಲಿಲ್ಲ. ಈಗಲೂ ಇಲ್ಲ.

ನಾಳೆ ತೋರಿಸುತ್ತೇನೆ.

ಫೆಬ್ರವರಿ ೫, ಮಧ್ಯಾಹ್ನ

ಬೆಳ್ಳುಳ್ಳಿ ಬೇಯಿಸಿದ ನೀರು ಒಂದು ಚಮಚ. ಅವಳು ಟೈಮರ್ ಇಟ್ಟು ಅತ್ತ ತಿರುಗಿದಾಗ ಪೀಚ್-ಕ್ರೀಂ ಕಪ್ಪಿಗೆ ಬಿಟ್ಟೆ. ಬಾಗಿಲ ಹಿಂದೆ ನಿಂತು ಟವೆಲ್ಲನ್ನು ಬಾಯಿಗೆ ತುರುಕಿಕೊಂಡೆ. ಅಷ್ಟು ದೂರದಲ್ಲಿದ್ದ ನನಗೇ ನಾತ ಬರುತ್ತಿತ್ತು.

ಅವಳು ಬಗ್ಗಿ ಮೂಸಿದಳು. ಚಮಚ ಎತ್ತಿದಳು. ಸೊರ್ರ್. ಕಣ್ಣು ಮುಚ್ಚಿದಳು. ನಿಧಾನವಾಗಿ ಟೈಪು ಮಾಡಿದಳು, ಬಾಯಲ್ಲಿ ಹೇಳಿಕೊಳ್ಳುತ್ತ: ಮಾಗಿದ ಪೀಚ್, ಕೊನೆಗೆ ಮೆತ್ತನೆಯ ಕೆನೆ. ಪಾಸು.

ನಗು ಬಾಯಲ್ಲೇ ಉಳಿಯಿತು. ಟವೆಲ್ ತೆಗೆದೆ. ಕಪ್ಪು ತೊಳೆದಿಟ್ಟೆ.

ಫೆಬ್ರವರಿ ೬

ಕೇಳಿಯೇಬಿಟ್ಟೆ. ಬೆಳ್ಳುಳ್ಳಿಯ ವಿಷಯ ಹೇಳಿದೆ. ಕೋಪ ಬರುತ್ತದೆಂದುಕೊಂಡಿದ್ದೆ. ಬರಲಿಲ್ಲ. ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಚಿಕ್ಕವಳಾಗಿ ಕೂತಳು.

"ಜ್ವರ ಬಿಟ್ಟಾಗಿಂದ ಏನೂ ಬರ್ತಿಲ್ಲ ಮಾವ. ಹುಳಿ, ಸಿಹಿ, ಕಹಿ ಗೊತ್ತಾಗುತ್ತೆ, ಅಷ್ಟೇ. ಪೀಚೂ ಒಂದೇ, ಪಿನಾಯಿಲೂ ಒಂದೇ."

"ಮತ್ತೆ ಬರೆಯೋದು?"

"ಪೊಟ್ಟಣದ ಮೇಲೆ ಏನೇನು ಹಾಕಿದಾರೆ ಅಂತ ಇರುತ್ತಲ್ಲ. ಅದನ್ನ ನೋಡಿ, ಹಳೇ ನೆನಪಲ್ಲಿ."

ಈ ತಿಂಗಳ ಕೊನೆಗೆ ಕೆಲಸ ಖಾಯಂ ಮಾಡುತ್ತಾರಂತೆ. ಈಗ ಹೇಳಿದರೆ ಎಲ್ಲ ಹೋಯಿತು. ಡಾಕ್ಟರನ್ನು ಕೇಳಿದರೆ, ಬರಬಹುದು, ಕಾಯಿರಿ, ಅಂದರಂತೆ. ಅಮ್ಮನಿಗೆ ಹೇಳಬೇಡಿ ಎಂದು ಕೈ ಹಿಡಿದಳು. ಹಿಡಿದ ಕೈ ತಣ್ಣಗಿತ್ತು.

ಆಮೇಲೆ ಅವಳು ಎದ್ದು ಹೋಗಿ ಇನ್ನೊಂದು ಸ್ಯಾಂಪಲ್ ತೆರೆದು, ಸುಮ್ಮನೆ, ಮೂಗಿನ ಹತ್ತಿರ ಹಿಡಿದು ನಿಂತಳು. ತುಂಬ ಹೊತ್ತು.

ನಾನಿರುವಾಗ ನಿನಗೇನು ಚಿಂತೆ, ಎಂದೆ. ಬಾಡಿಗೆಗೆ ಮೂಗು ಸಿಕ್ಕಿದೆ ಅಂದುಕೋ.

ಫೆಬ್ರವರಿ ೧೦

ಕೆಲಸ ಶುರು. ಅವಳು ನೀರು, ಅಳತೆ, ಹೊತ್ತು ನೋಡಿಕೊಳ್ಳುತ್ತಾಳೆ. ನಾನು ಮೂಸಿ ಹೇಳುತ್ತೇನೆ. ಮೊದಲು ಒಣ ಎಲೆ, ಆಮೇಲೆ ನೆಂದ ಎಲೆ, ಕೊನೆಗೆ ರಸ. ಸೊರ್ರೆಂದು ಎಳೆಯಬೇಕಂತೆ, ಗಾಳಿ ಸೇರಿದರೆ ವಾಸನೆ ಮೇಲೇಳುತ್ತದಂತೆ. ಅದನ್ನು ನನಗೆ ಕಲಿಸಬೇಕೇ? ನಾನು ಎಳೆದರೆ ಪಕ್ಕದ ಮನೆಯ ನಾಯಿ ಬೊಗಳುತ್ತದೆ.

ಚಾಕೊಲೇಟ್ ಕೇಕ್ ಚಹಾ. ನಾನು: ನಸುಕಿನಲ್ಲಿ ಬೇಕರಿಯ ಹಿಂಬಾಗಿಲ ಹತ್ತಿರ ಲಾರಿ ನಿಲ್ಲಿಸಿದ ಹಾಗೆ. ಕುಡಿದರೆ ಬೇಕರಿ ಮುಚ್ಚಿಬಿಟ್ಟಿದೆ. ಅವಳು ಬರೆದದ್ದು: ಮುಂಜಾವಿನ ಬೇಕರಿಯ ಪರಿಮಳ, ನಾಲಿಗೆಗೆ ಹಗುರ.

ಸೇಬು-ದಾಲ್ಚಿನ್ನಿ. ನಾನು: ಚಳಿಯಲ್ಲಿ ಯಾರೋ ಹೊದಿಸಿ ಹೋದ ಕಂಬಳಿ, ಹೊದಿಸಿದವರು ಒಳ್ಳೆಯವರು. ಇದನ್ನು ಅವಳು ತಿದ್ದಲೇ ಇಲ್ಲ. ಹಾಗೇ ಕಳಿಸಿದಳು.

ಫೆಬ್ರವರಿ ೧೪

ಕಂಪನಿಯ ದೊಡ್ಡ ಮೇಡಂ, ಅವಳಿಗೆ ಈ ಕೆಲಸ ಕಲಿಸಿದ ಹೆಂಗಸು, ಮೆಸೇಜು ಕಳಿಸಿದ್ದಾರೆ. ಈ ವಾರದ ಬರಹಕ್ಕೆ ಜೀವ ಬಂದಿದೆಯಂತೆ. ಕಂಬಳಿಯ ಸಾಲನ್ನು ಎಲ್ಲರಿಗೂ ಓದಿ ಹೇಳಿದರಂತೆ.

ಅದನ್ನು ನಾನು ನಾಲ್ಕು ಸಲ ಓದಿಸಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಸಾಲು. ಅಕ್ಕನ ಫೋನು ಬಂತು, ಮಗಳು ಹೇಗಿದ್ದಾಳೆ ಎಂದು. ನನ್ನ ನೆರಳಲ್ಲಿ ಇದ್ದಾಳೆ, ಕೊರತೆಯಿಲ್ಲ, ಎಂದೆ. ನಿನ್ನ ನೆರಳಲ್ಲಿ ಅಂದರೇ ನನಗೆ ಭಯ ಕಣೋ, ಅಂದಳು ಅಕ್ಕ.

ಫೆಬ್ರವರಿ ೧೭

ಲಿಂಬೆ ಕೇಕಿನ ಚಹಾ. ಪೊಟ್ಟಣ ತೆರೆದೊಡನೆ — ಸೋಪು. ಅನುಮಾನವೇ ಬೇಡ. ಬಟ್ಟೆ ಸೋಪಿನ ಲೋಡು ಎಷ್ಟು ಸಲ ಹೊಡೆದಿಲ್ಲ ನಾನು.

ಹೇಳಬೇಕೆಂದು ಬಾಯಿ ತೆರೆದೆ. ಆಮೇಲೆ ಯೋಚಿಸಿದೆ. ಸ್ಟ್ರಾಬೆರಿ ಎಂದರೆ ರಬ್ಬರಿನ ವಾಸನೆ, ಅದು ಪಾಸು. ಬಾಳೆಹಣ್ಣಿನ ಚಹಾಕ್ಕೆ ಉಗುರುಬಣ್ಣದ ವಾಸನೆ, ಅದೂ ಪಾಸು. ಇವರ ಲೋಕದಲ್ಲಿ ಲಿಂಬೆ ಎಂದರೆ ಸೋಪಿರಬಹುದು. ಸೋಪು ಎಂದರೆ ಮತ್ತೆ ಬೀಡಿ, ಡೀಸೆಲ್ ಎಂದಾಳು. ಕಂಬಳಿಯ ಸಾಲು ಬರೆದವನಿಗೆ ಅದು ಶೋಭೆಯೇ?

ಬಹಳ ಶುಚಿ, ಎಂದೆ. ಒಗೆದು ಹಿಂಡಿ ಹರವಿದ ಹಾಗೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಲಿಂಬೆ ಬರ್ತಿದೆ ತಾನೇ ಮಾವ, ಅಂತ ಕೇಳಿದಳು. ಭರ್ತಿ ಬರ್ತಿದೆ, ಎಂದೆ.

ಪಾಸು.

ಫೆಬ್ರವರಿ ೨೪, ಸಂಜೆ

ಲಿಂಬೆಯ ಲಾಟು ಪೂರ್ತಿ ವಾಪಸು ಬಂದಿದೆ. ಅಂಗಡಿಯವರು ಡಬ್ಬಿ ತೆರೆದು ನೋಡಿ ಸಿಟ್ಟಾಗಿದ್ದಾರೆ. ಗೋದಾಮಿನಲ್ಲಿ ಚೀಲಗಳನ್ನು ಸೋಪಿನ ಪೆಟ್ಟಿಗೆಗಳ ಪಕ್ಕ ಇಟ್ಟಿದ್ದರಂತೆ. ಚಹಾ ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಂಡುಬಿಡುತ್ತದೆ. ಅದನ್ನು ಹಿಡಿಯಲಿಕ್ಕೆಂದೇ ರುಚಿ ನೋಡುವವರು ಇರುವುದು.

ನಾಳೆ ಬೆಳಿಗ್ಗೆ ಬಾ, ನನ್ನ ಮುಂದೆ ಕೂತು ಕಪ್ಪು ನೋಡು, ಎಂದಿದ್ದಾರೆ ದೊಡ್ಡ ಮೇಡಂ.

ಸೋಪು ನನಗೆ ಗೊತ್ತಾಗಿತ್ತು ಎಂದು ಅವಳಿಗೆ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

ಫೆಬ್ರವರಿ ೨೫, ಬೆಳಿಗ್ಗೆ ೭

ನಾನೂ ಹೋಗುತ್ತಿದ್ದೇನೆ. ಉಪಾಯ ಹೂಡಿದ್ದೇನೆ. ಇನ್ನೂ ನಿಶ್ಶಕ್ತಿ, ಜೊತೆಗೆ ಮಾವ ಬಂದಿದ್ದಾರೆ ಎನ್ನುವುದು. ನಾನು ಅವಳ ಕುರ್ಚಿಯ ಹಿಂದೆ ನಿಲ್ಲುವುದು. ಹಣ್ಣಾದರೆ ಕಿವಿ ತುರಿಸಿಕೊಳ್ಳುತ್ತೇನೆ, ಕೇಕಾದರೆ ಹೊಟ್ಟೆ ಸವರುತ್ತೇನೆ, ಕೆಟ್ಟಿದ್ದರೆ ಕೆಮ್ಮು. ಎದುರಿನ ಕಿಟಕಿಯ ಗಾಜಿನಲ್ಲಿ ನನ್ನ ನೆರಳು ಕಾಣುತ್ತದಂತೆ. ಅವಳು ಹೂಂ ಅಂದಳು. ತಲೆ ಬಾಚಿಕೊಳ್ಳುತ್ತ ಅಂದಳು, ಕನ್ನಡಿ ನೋಡದೆ.

ಅದೇ ದಿನ, ಮಧ್ಯಾಹ್ನ

ಉದ್ದನೆಯ ಬಿಳಿ ಮೇಜು. ಬಿಳಿ ಕಪ್ಪುಗಳ ಸಾಲು. ದೊಡ್ಡ ಮೇಡಂ ಎಂದರೆ ಗಾತ್ರದಲ್ಲಿ ಹಿಡಿಯಷ್ಟೇ, ಕನ್ನಡಕಕ್ಕೆ ದಾರ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಅಲ್ಲಿ ಸ್ಟೂಲಿದೆ, ಕೂತ್ಕೊಳ್ಳಿ, ಅಂದರು. ಸ್ಟೂಲು ಗೋಡೆಯ ಮೂಲೆಯಲ್ಲಿ. ಅಲ್ಲಿಂದ ಗಾಜಿನಲ್ಲಿ ನೆರಳೂ ಬೀಳದು, ಒಂದು ಕಪ್ಪಿನ ವಾಸನೆಯೂ ಬಾರದು. ಉಪಾಯ ಅಲ್ಲಿಗೇ ಮಕಾಡೆ ಮಲಗಿತು.

ಆದರೂ ಕಿವಿ ತುರಿಸಿಕೊಂಡೆ. ಹೊಟ್ಟೆಯನ್ನೂ ಸವರಿದೆ. ಏನಾದರೂ ಮಾಡಬೇಕಲ್ಲ.

ಅವಳು ಚಮಚ ಎತ್ತಿದಳು. ಮೊದಲ ಕಪ್ಪಿನ ಹತ್ತಿರ ಬಗ್ಗಿದಳು. ನಾನು ಸ್ಟೂಲಿನ ಅಂಚಿಗೆ ಬಂದಿದ್ದೆ. ಆಮೇಲೆ ಅವಳು ಚಮಚವನ್ನು ಕೆಳಗಿಟ್ಟಳು. ಎಸೆಯಲಿಲ್ಲ, ಮೆಲ್ಲಗೆ, ಸದ್ದಾಗದ ಹಾಗೆ ಇಟ್ಟಳು.

"ನನಗೆ ವಾಸನೆ ಬರಲ್ಲ ಮೇಡಂ. ಜ್ವರ ಬಂದು ಹೋದಾಗಿಂದ. ಇಷ್ಟೂ ದಿನ ನಾನು ಪಾಸು ಮಾಡಿದ್ದು ಸುಳ್ಳು."

ನಾನು ಎದ್ದುಬಿಟ್ಟೆ. ಲಿಂಬೆಯದು ನನ್ನ ತಪ್ಪು ಎಂದೆ. ಸೋಪು ಎಂದು ಹಿಡಿದದ್ದು ನಾನೇ, ಶುಚಿ ಎಂದದ್ದೂ ನಾನೇ, ಎಂದೆ.

ಮೇಡಂ ಕನ್ನಡಕ ತೆಗೆದರು. "ಸೋಪು ಅಂತ ಗೊತ್ತಾಗಿಯೂ ಯಾಕೆ ಹೇಳ್ಲಿಲ್ಲ?"

"ಚಹಾ ಹಾಗೇ ಇರಬೇಕೋ ಏನೋ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂತ ಹೇಳಿ ನನಗೆ ಅಭ್ಯಾಸ ಇಲ್ಲ ಮೇಡಂ."

ಅವರ ತುಟಿಯ ಒಂದು ಕೊನೆ ಅಲುಗಿತು. ನಗೆಯೋ ಸಿಟ್ಟೋ — ಕೇಳುವ ಧೈರ್ಯವಾಗಲಿಲ್ಲ. ನನ್ನನ್ನು ಹೊರಗೆ ಕಳಿಸಿದರು. ಕಾರಿಡಾರಿನಲ್ಲಿ ನಿಂತೆ. ಗೋಡೆಯ ಮೇಲೆ ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ಬೋರ್ಡಿತ್ತು. ಪೂರ್ತಿ ಓದಿದೆ. ಮತ್ತೆ ಓದಿದೆ.

ಅವಳು ಹೊರಗೆ ಬಂದು ಹೇಳಿದ್ದು ಇಷ್ಟು: ಖಾಯಂ ಇಲ್ಲ. ನಾಳೆಯಿಂದ ಪ್ಯಾಕಿಂಗ್ ವಿಭಾಗದಲ್ಲಿ ಚೀಟಿ ಅಂಟಿಸುವ ಕೆಲಸ. ಏಪ್ರಿಲ್ ಮುಗಿಯುವವರೆಗೆ ಅವಳ ಕುರ್ಚಿಗೆ ಬೇರೆಯವರನ್ನು ಕೂರಿಸುವುದಿಲ್ಲ. ಅಷ್ಟರಲ್ಲಿ ಮೂಗು ಬಂದರೆ ಸರಿ. ಬರದಿದ್ದರೆ ಕಂಪನಿ ಕಾಯುವುದಿಲ್ಲ. ಮೊದಲ ದಿನವೇ ಹೇಳಿದ್ದರೆ ಇದಕ್ಕಿಂತ ಹೆಚ್ಚು ಮಾಡಬಹುದಿತ್ತು, ಅಂದರಂತೆ.

ಬಸ್ಸಿನಲ್ಲಿ ಅವಳು ಕಿಟಕಿಗೆ ಒರಗಿದ್ದಳು.  ನನ್ನ ಜೀವಮಾನದಲ್ಲಿ ಅಷ್ಟು ದೂರ ಬಾಯಿಮುಚ್ಚಿ ಪ್ರಯಾಣ ಮಾಡಿದ್ದು ಇದೇ ಮೊದಲು.

ಮಾರ್ಚ್ ೧೨

ಬರೆಯಲು ಕೈ ಬರಲಿಲ್ಲ ಇಷ್ಟು ದಿನ.

ದೊಡ್ಡ ಮೇಡಂ ಮೂಗಿಗೆ ಒಂದು ಅಭ್ಯಾಸ ಹೇಳಿಕೊಟ್ಟಿದ್ದಾರೆ, ಡಾಕ್ಟರೂ ಮಾಡಿ ಎಂದಿದ್ದಾರೆ. ನಾಲ್ಕು ಜಾಡಿ: ಲವಂಗ, ಕಾಫಿಪುಡಿ, ಲಿಂಬೆ ಸಿಪ್ಪೆ, ಒಣಗುಲಾಬಿ. ಬೆಳಿಗ್ಗೆ, ಸಂಜೆ ಒಂದೊಂದಾಗಿ ಮೂಸುತ್ತ, ಅದು ಹೇಗಿತ್ತೆಂದು ನೆನೆಸಿಕೊಳ್ಳಬೇಕು. ದಾರಿ ಮರೆತ ಮೂಗಿಗೆ ದಾರಿ ತೋರಿಸುವುದಂತೆ. ಜಾಡಿ ಹಿಡಿಯುವವನು ನಾನು. ನೆನಪು ಹೇಳುವವನೂ ನಾನು.

ನನಗೊಂದು ಶಿಕ್ಷೆಯಾಗಿದೆ. ದಿನಕ್ಕೊಂದು ಸಲವಾದರೂ 'ಗೊತ್ತಿಲ್ಲ' ಅನ್ನಬೇಕು. ಅವಳ ಅಪ್ಪಣೆ. ನಿನ್ನೆ, ಮಳೆ ಬರುತ್ತಾ ಮಾವ, ಅಂತ ಕೇಳಿದಳು. ಬರಲ್ಲ ಎಂದುಬಿಟ್ಟೆ. ಕಣ್ಣು ಬಿಟ್ಟಳು. ಗೊತ್ತಿಲ್ಲ, ಎಂದೆ. 

ಅಕ್ಕನಿಗೆ ಅವಳೇ ಎಲ್ಲ ಹೇಳಿದಳು. ಅಕ್ಕ ಮಗಳ ಜೊತೆ ಅತ್ತಳು. ಆಮೇಲೆ ಫೋನನ್ನು ನನಗೆ ಕೊಡಿಸಿ ಉಗಿದಳು. ಕೊನೆಗೆ, ಬಿಟ್ಟು ಬರಬೇಡ ಕಣೋ, ಅಂದಳು.

ಮಾರ್ಚ್ ೩೦

ಇಲ್ಲ. ಏನೂ ಇಲ್ಲ.

ಏಪ್ರಿಲ್ ೯

ಸಂಜೆ ಬಂದವಳೇ ಜಾಡಿ ಬೇಡ ಅಂದಳು. ಬೆರಳ ತುದಿಗೆಲ್ಲ ಅಂಟು ಒಣಗಿ ಕೂತಿತ್ತು. ಅವಳು ಹಿಂದೆ ಬರೆದಿದ್ದ ಸಾಲುಗಳ ಮೇಲೇ ಇವತ್ತು ಬೆಲೆಚೀಟಿ ಅಂಟಿಸಿದಳಂತೆ. ಕಂಬಳಿಯ ಸಾಲಿನ ಮೇಲೂ.

ನಾನು ಜಾಡಿ ಮುಂದೆ ಹಿಡಿದೆ. ತಳ್ಳಿದಳು. ಲವಂಗ ನೆಲದ ತುಂಬ.

"ಬರಲ್ಲ ಮಾವ. ಬಂದೇ ಬರುತ್ತೆ ಅಂತ ದಿನಾ ಯಾಕೆ ಹೇಳ್ತೀರಿ? ಬರುತ್ತಾ? ಹೇಳಿ ನೋಡೋಣ."

ಗೊತ್ತಿಲ್ಲ ಮಗಳೇ, ಎಂದೆ. ಶಿಕ್ಷೆಯದಲ್ಲ. ನಿಜವಾದದ್ದು.

 ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಮಂಡಿಯೂರಿ ಲವಂಗ ಆರಿಸಿದೆವು. ಸೋಫಾದ ಕೆಳಗೆ ಹೋದದ್ದನ್ನು ಅವಳು ಪೊರಕೆ ಕಡ್ಡಿಯಲ್ಲಿ ಎಳೆದುಕೊಟ್ಟಳು. ಆಮೇಲೆ ತಾನಾಗಿಯೇ ಜಾಡಿ ತಗೊಂಡು ಮೂಗಿಗೆ ಹಿಡಿದಳು.

ಏಪ್ರಿಲ್ ೨೩, ಬೆಳಿಗ್ಗೆ

ಅವಳಿಗೆ ರಜೆ. ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದಾಳೆ. ತಿಂಗಳು ಮುಗಿಯಲು ಒಂದು ವಾರ. ಅವಳ ಕುರ್ಚಿಗೆ ಯಾರನ್ನೋ ನೋಡಿಟ್ಟಿದ್ದಾರೆ ಎಂದು ಪ್ಯಾಕಿಂಗ್‌ನವರು ಮಾತಾಡಿಕೊಂಡರಂತೆ. ನಿನ್ನೆ ಅದನ್ನು ಯಾರದೋ ಸುದ್ದಿ ಹೇಳುವ ಹಾಗೆ ಹೇಳಿ ತಟ್ಟೆ ತೊಳೆಯಲು ಎದ್ದಳು.

ಅವಳಿಗೆ ಹೇಳದೆ ಒಂದು ಪ್ರಯೋಗ ನಡೆಸಿದ್ದೇನೆ. ನನ್ನದೇ ಹಣ್ಣಿನ ಚಹಾ. ಸೇಬನ್ನು ತೆಳ್ಳಗೆ ಹೆಚ್ಚಿ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟು ಬಂದಿದ್ದೇನೆ, ಒಣಗಲಿ ಎಂದು. ಅವಳು ಎದ್ದಾಗ ಒಂದು ಕಪ್ಪು ಕೊಡುವುದು. ವಾಸನೆ ಸಿಗದಿದ್ದರೆ ಸಿಹಿಯಾದರೂ ಸಿಗುತ್ತದಲ್ಲ. ನಗುತ್ತಾಳೆ, ಅಷ್ಟು ಸಾಕು. ಇಂಥ ಚಹಾ ಆ ಕಂಪನಿಯ ಹುಟ್ಟಿನಲ್ಲೇ ಯಾರೂ ಮಾಡಿರಲಾರರು ಎಂದು ಬರೆಯಹೊರಟಿದ್ದೆ. ಗೊತ್ತಿಲ್ಲ ಎಂದು ಬರೆಯುತ್ತೇನೆ. ಇವತ್ತಿನ ಲೆಕ್ಕ ಮುಗಿಯಿತು.

ಅಕ್ಕನಿಗೆ ಏನು ಹೇಳುವುದೋ. ಮೇ ತಿಂಗಳಲ್ಲಿ ಇವಳನ್ನು ಕರೆದುಕೊಂಡು—

ಕೂಗಿದಳು. ಒಳಗಿನಿಂದ.

"ಮಾವಾ, ಏನೋ ಸೀಯ್ತಿದೆ ನೋಡಿ."

ನನ್ನ ಮೂಗಿಗೆ ಇನ್ನೂ ಏನೂ ಬಂದಿಲ್ಲ. ಅವಳ ಬಾಗಿಲು ಹಾಕಿಯೇ ಇದೆ. ಹಾಗಾದರೆ ಅವಳಿಗೆ ಹೇಗೆ—