ಪಟ್ಟಾ ಮರಳು ಮುಟ್ಟುವ ಮೊದಲು

ನನ್ನನ್ನು ತಮ್ಮನೆಂದ ಕಾಶಪ್ಪಣ್ಣನಿಗೆ,

ಹೋದ ಸೋಮವಾರ ನಿಲಂಗಾದಲ್ಲಿ ನಿನ್ನನ್ನು ಕುಳ್ಳಿರಿಸಿ ಮಣ್ಣು ಮಾಡುವಾಗ ನಿಮ್ಮ ಮನೆತನದ ಅಯ್ಯನವರಿಗೆ ಹುಷಾರಿರಲಿಲ್ಲ. "ದೇವಣಿ ಅಯ್ನೋರು ಬಂದಾರಲ್ಲ, ಮಿಲ್ಟ್ರಿ ಸಂಗಾತಿ. ಅವ್ರೇ ಪಾದಾ ಇಡ್ಲಿ" ಎಂದರು ಯಾರೋ. ಜಂಗಮನ ಪಾದ ತಲೆಗೆ ಮುಟ್ಟಿದ ಮೇಲೆಯೇ ಮಣ್ಣು. ಸೈನ್ಯದಿಂದ ಬಂದ ಮೇಲೆ ದೇವಣಿಯಲ್ಲಿ ಅಪ್ಪನ ಜಂಗಮ ಜೋಳಿಗೆ ಹಿಡಿದವನು ನಾನು. ಒಲ್ಲೆನೆನ್ನಲು ಏನು ನೆಪ ಹೇಳಲಿ? ಕಾಲು ತೊಳೆದರು. ಆ ಒದ್ದೆ ಕಾಲನ್ನು ನಿನ್ನ ತಲೆಯ ಮೇಲಿಟ್ಟೆ. ಯಾರ ಕಾಲು, ಯಾರ ತಲೆ, ಅಣ್ಣಾ?

ಮೊದಲ ಸಲ ಸಮುದ್ರಕ್ಕಿಳಿದದ್ದು ನೆನಪಿದೆಯಾ? ನೀರಲ್ಲಿ ತೇಲುವ ಆ ಉಕ್ಕಿನ ಗಾಡಿಯೊಳಗೆ ನೀನು ಕಮಾಂಡರ್, ನಾನು ತೋಪು ಹಾರಿಸುವವನು. ಬಾವಿಯಲ್ಲೂ ಈಜಲು ಬಾರದ ನನ್ನ ಮುಖ ನೋಡಿ ನೀನು ನಕ್ಕಿದ್ದೆ. "ಏ ಸ್ವಾಮಿ, ಇಷ್ಟು ಲೋಖಂಡ ತೇಲ್ತದ, ನೀ ಯಾಕ ಮುಳಗ್ತಿ?"

ಆಮೇಲೆ ಆ ತಾಲೀಮು. ಎದುರಿನದು ಶತ್ರುವಿನ ದಡವೆಂದು ಬಗೆದು ನುಗ್ಗಬೇಕು. ಹಡಗಿನ ಬಾಯಿಯಿಂದ ಗಾಡಿಗಳು ಒಂದೊಂದೇ ನೀರಿಗಿಳಿದವು. ನಮ್ಮ ಕೆಲವು ಜವಾನರು ರಬ್ಬರ್ ದೋಣಿಯಲ್ಲಿ ಮೊದಲೇ ದಡ ಸೇರಿ ಎಡಗಡೆಯ ಬಂಡೆಗಳ ಹಿಂದಿದ್ದರು. ನಿನ್ನ ಪಾಠ ಒಂದೇ: "ತೆರಿ ಮ್ಯಾಲ ತೋಪಿಗಿ ನಂಬಬ್ಯಾಡ. ಗಾಡಿ ಗಾಲಿ ಮ್ಯಾಲಿನ ಪಟ್ಟಾ ಮರಳು ಮುಟ್ಟಬೇಕು, ನಾ ಹುಕುಂ ಕೊಡಬೇಕು, ಆಗ ಹೊಡಿ." ದುರ್ಬೀನಿನಲ್ಲಿ ಒಮ್ಮೆ ಆಕಾಶ, ಒಮ್ಮೆ ನೀರು. ದಡ ಕಂಡಿತು ಅನ್ನುವಷ್ಟರಲ್ಲಿ ಗುಂಡಿ ಒತ್ತಿಬಿಟ್ಟೆ. ಗುಂಡು ಬಂಡೆಗಳ ಕಡೆ ಹೋಯಿತು. ನಮ್ಮದೇ ಜವಾನನೊಬ್ಬ ಈಗಲೂ ಕುಂಟುತ್ತಾನೆ.

"ಹುಕುಂ ನಾನೇ ಕೊಟ್ಟೆ" ಎಂದೆ ನೀನು, ವಿಚಾರಣೆಯಲ್ಲಿ. ಪಕ್ಕದಲ್ಲಿ ನೆಟ್ಟಗೆ ನಿಂತಿದ್ದೆನಲ್ಲ, ನನ್ನ ನಾಲಿಗೆ ಬಿದ್ದುಹೋಗಿತ್ತೇ? ಹೊರಗೆ ಬಂದು ನೀನೇ ಸಮಾಧಾನ ಹೇಳಿದೆ. "ನಿಮ್ಮಪ್ಪಗ ಊರ ಮಂದಿ ಕಾಲಿಗಿ ಬೀಳ್ತಾರ. ಮಗಾ ಹಿಂಗ ಮಾಡ್ಯಾನಂದ್ರ ಮುದುಕ ಹ್ಯಾಂಗ ತಡ್ಕೋತಾನ? ಜಾಊ ದೇ, ಬಿಟ್ಬಿಡು."

ನಿನಗೆ ಬಡ್ತಿ ತಪ್ಪಿತು, ಬೇಗ ಮನೆಗೆ ಕಳಿಸಿದರು. ಉದಗೀರದ ಕಾಳಿನ ಪೇಟೆಯಲ್ಲಿ ನೀನು ಕಾವಲು ನಿಂತೆ. ನಾನೋ, ಪದಕ ಹಚ್ಚಿಕೊಂಡು ಉಮರ್ಗಾದ ಶಾಲೆಯೊಂದರಲ್ಲಿ ಭಾಷಣ ಬಿಗಿದೆ: ಸಮುದ್ರದಿಂದ ಗಾಡಿ ಎದ್ದು ಬರುವುದು, ತೋಪು ಗುಡುಗುವುದು... ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕೂತು ನೀನೂ ತಟ್ಟಿದೆ. ನೆನೆದರೆ ನಾಚಿಕೆಯಿಂದ ಸಾಯುವಂತಾಗುತ್ತದೆ. ಅಪ್ಪ ತೀರಿ ಮೂರು ವರ್ಷವಾದರೂ ಬಾಯಿ ಬಿಡಲಿಲ್ಲ. ಆ ಮುದುಕನ ಹೆಸರಿನಲ್ಲಿ ನಾನು ಕಾಯುತ್ತಿದ್ದದ್ದು ನನ್ನನ್ನೇ.

ನಿನ್ನೆ ನಿನ್ನ ಮನೆಗೆ ಹೋದೆ. ಅತ್ತಿಗೆ ತಂಬಿಗೆ ನೀರು ತಂದು ನನ್ನ ಕಾಲು ತೊಳೆಯಲು ಬಾಗಿದರು. ಹಿಂದೆ ಸರಿದೆ. "ಬ್ಯಾಡ್ರೀ ವೈನಿ. ಅವತ್ತ ಹುಕುಂ ಇಲ್ದ ಗುಂಡು ಹೊಡದಂವ ನಾ. ಅಣ್ಣ ನನ್ನ ತಪ್ಪು ತನ್ನ ಮ್ಯಾಲ ಹಾಕ್ಕೊಂಡ."

ಅವರು ಬಾಗಿದಲ್ಲೇ ನಿಂತರು. "ಅಂದ್ರ ಅವ್ರದು ಏನೂ ತಪ್ಪಿರ್ಲಿಲ್ಲೇನ್ರೀ?"

"ಇಲ್ರೀ."

"ಹನ್ನೊಂದು ವರ್ಷ ಅಂದೀನ್ರೀ ಅವ್ರಿಗೆ. ಒಬ್ಬನ ಕಾಲು ಮುರದು ಬಂದಾರ ಅಂತ. ಉಣ್ಣಾಕ ಕೂತಾಗ ಸುದ್ದಾ ಬಿಟ್ಟಿಲ್ಲ. ತಿರುಗಿ ಒಂದು ಮಾತು ಆಡಿಲ್ಲ..."

ತಂಬಿಗೆಯ ನೀರನ್ನು ದಾಸವಾಳದ ಬುಡಕ್ಕೆ ಸುರಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಳುವುದು ಕೇಳಿಸುತ್ತಿತ್ತು. ಹೋಗಲೋ ನಿಲ್ಲಲೋ ತಿಳಿಯದೆ ಅಂಗಳದಲ್ಲೇ ನಿಂತೆ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದರು.

"ಹನ್ನೊಂದನೇ ದಿನ ಬರ್ರಿ. ಊರ ಮಂದಿ ಕೂಡಿರ್ತಾರ. ನನಗ ಹೇಳಿದ್ದು ಅವ್ರಿಗೂ ಹೇಳ್ರಿ."

ಪಲ್ಟನ್ನಿಗೆ ಎಲ್ಲ ಬರೆದು, ಸಹಿ ಮಾಡಿ ಕಳಿಸಿದ್ದೇನೆ. ಗುರುವಾರ ಹನ್ನೊಂದನೆಯ ದಿನ. ಬರುತ್ತೇನೆ ಅಣ್ಣಾ, ಕಾಲು ತೊಳೆಸಿಕೊಳ್ಳಲಿಕ್ಕಲ್ಲ. ಈ ಸಲ ಹುಕುಂ ಸಿಕ್ಕಿದೆ.

ನಿನ್ನ ಸ್ವಾಮಿ