ಎರಡು ಡಿಸ್ಕಿಗೆ ಒಂದೇ ಓಣಿ

ಗುರುಪಾದಕ್ಕೆ ಶರಣು. ಲಿಂಗದೇವನು ಈ ಲೇಖನಿಯಿಂದ ಸುಳ್ಳನ್ನು ಬರೆಸದಿರಲಿ.

ವಿಶ್ವಾವಸು ಸಂವತ್ಸರ, ಮಾಘ ಶುದ್ಧ ಪಾಡ್ಯ, ಸೋಮವಾರ. 19-1-2026. ಪಿರಿಯಾಪಟ್ಟಣ. ಬೆಳಿಗ್ಗೆ 6

ಸ್ನಾನವಾಯಿತು. ಪತ್ರೆ ಬಿಡಿಸಿಟ್ಟೆ. ಎಂಟಕ್ಕೆ ತಮ್ಮನ ಹೆಂಡತಿ ಪುಟ್ಟಮಲ್ಲಮ್ಮ, ಮಗಳು ರಮ್ಯಶ್ರೀಯೊಡನೆ ಬರುವಳು. ಲಿಂಗೈಕ್ಯನಾದ ತಮ್ಮ ರೇಣುಕಾಪ್ರಸಾದನ ಹನ್ನೆರಡು ವರ್ಷದ ಪುರಾಣ ಪ್ರವಚನಗಳ ವಿಡಿಯೊ ನನ್ನ ಡಿಸ್ಕಿನಲ್ಲಿದೆ. ಪುಟ್ಟಮಲ್ಲಮ್ಮನಿಗೆ ತನ್ನ ಡಿಸ್ಕಿಗೆ ಅದರ ನಕಲು ಬೇಕಂತೆ. ನನ್ನ ಪೂಜೆ ಮುಗಿಯುವವರೆಗೆ ಮಾತ್ರ ಎಂದಿದ್ದೇನೆ — ಒಂದೂವರೆ ಗಂಟೆ.

ಲ್ಯಾಪ್‌ಟಾಪಿಗೆ ಡಿಸ್ಕು ಜೋಡಿಸಲು ಬೀರುವಿನಲ್ಲಿ ಎರಡಿವೆ: ಒಂದು ಡಾಕ್, ಒಂದು ಸಣ್ಣ ಹಬ್. ಹುಣಸೂರಿನ ಕಂಪ್ಯೂಟರ್ ಅಂಗಡಿಯ ನಟರಾಜು ಡಾಕ್ ಕೊಂಡಂದೇ ತಿಳಿಸಿದ್ದ: "ಹೆಸ್ರು ನೋಡ್ಬೇಡಿ ಬುದ್ಧಿ, ಒಳಗಡೆ ದಾರಿ ನೋಡಿ. ಈ ಹಬ್ ಹಳೇದು, ಎಲ್ಡು ಡಿಸ್ಕಿಗೂ ಒಂದೇ ಓಣಿ. ಓದೋದೂ ಅದ್ರಲ್ಲೇ, ಬರಿಯೋದೂ ಅದ್ರಲ್ಲೇ. ಡಾಕು ದೊಡ್ಡ ರಸ್ತೆ ಕಣ್ರೀ. ಅದ್ರಲ್ಲಿ ಗಂಟೆ ಕೆಲ್ಸ, ಇದ್ರಲ್ಲಿ ಆರು ಗಂಟೆ."

ಹಬ್ ಹೊರಗಿಟ್ಟೆ. ಡಾಕ್ ಒಳಗೇ ಇರಲಿ.

ಅದೇ ದಿನ, ಮಧ್ಯಾಹ್ನ 12

ರಮ್ಯಶ್ರೀ ಕೇಳಿದಳು: "ಡಾಕ್ ಇಲ್ವಾ ದೊಡ್ಡಪ್ಪ? ಇದು ತೆವಳ್ತದೆ."

ಇಲ್ಲವೆಂದೆ. ಹಣೆಯಲ್ಲಿ ವಿಭೂತಿ ಧರಿಸಿಯೇ.

"ಅಂಗಾರೆ ಕೊನೇ ವಿಡಿಯೊ ಮೊದ್ಲು ಹಾಕ್ತೀನಿ."

ತಾಯಿಯೂ ಅಂಗಲಾಚಿದಳು: "ಊಂ ಬಾವ. ಆವತ್ತು ಸಭೇಲಿ ನನ್ನೆಸ್ರು ಯೋಳವ್ರಂತೆ. ನಾನು ದಾಸೋಹದ ಒಲೆ ಮುಂದಿದ್ದೆ, ಕೇಳ್ಲೇ ಇಲ್ಲ."

ನಾನು ಕೇಳಿದ್ದೇನೆ; ಎಷ್ಟೋ ಸಲ. ತನ್ನ ಪುರಾಣಕ್ಕೆ ಹೆಂಡತಿಯೇ ಗುರು ಎಂದಿದ್ದ. ಅವನಿಗೆ ಒಂದೊಂದಕ್ಷರವನ್ನೂ ಕಲಿಸಿದವನು ನಾನು.

"ಪುರಾಣವನ್ನು ಕೊನೆಯಿಂದ ಎತ್ತುವುದು ನಮ್ಮ ಮನೆಯ ಸಂಪ್ರದಾಯವಲ್ಲ. ಮೊದಲಿನಿಂದ ಹಾಕವ್ವ. ಹೊತ್ತು ಸಾಕಾಗುತ್ತೆ" ಎಂದೆ. ಇಬ್ಬರೂ ತಲೆಬಾಗಿದರು.

ಪೂಜೆ ಮುಗಿದಾಗ ಕಾಲುಭಾಗವಷ್ಟೇ ಆಗಿತ್ತು. "ಇನ್ನೊಂದ್ಗಳಿಗೆ ಬಾವ..." ಲಿಂಗದ ಮುಂದೆ ಕೊಟ್ಟ ಮಾತೆಂದು ತಂತಿಯನ್ನು ಸೆಳೆದೆ. ತಿರುಗುತ್ತಿದ್ದ ನನ್ನ ಡಿಸ್ಕ್ ಮೇಜಿನಿಂದ ಗಾರೆನೆಲಕ್ಕೆ ಬಿತ್ತು. ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

12-2-2026, ಗುರುವಾರ. ರಾತ್ರಿ 8

ಮನಸ್ಸು ತಡೆಯಲಿಲ್ಲ. ನಿನ್ನೆ ಆ ಡಿಸ್ಕನ್ನು ಡಾಕಿಗೇ ಹಾಕಿದೆ. ಟಿಕ್ ಟಿಕ್ ಸದ್ದು, ಬೇರೇನೂ ಇಲ್ಲ. ಇಂದು ಹುಣಸೂರಿಗೆ ಒಯ್ದೆ. ನಟರಾಜು ಬಿಚ್ಚಿ ತೋರಿಸಿದ — ಒಳಗಿನ ತಟ್ಟೆಯೆಲ್ಲ ಗೀರು. "ಸತ್ತೋಯ್ತು ಬುದ್ಧಿ. ಯಾರ್ ಬಂದ್ರೂ ಆಗಕಿಲ್ಲ."

ಸಂಜೆ ಪುಟ್ಟಮಲ್ಲಮ್ಮನ ಫೋನು. "ಬಾವ, ಸಿಕ್ಕಿದ್ದೆಲ್ಲ ಕೇಳ್ದೆ. ಎಳೇ ದನಿ ಅವ್ರದು. ಶಿವರಾತ್ರಿಗೆ ಬತ್ತೀನಿ, ಕೊನೇದೊಂದು ಹಾಕ್ಕೊಡಿ. ನಿಮ್ ಪೂಜೆ ಮುಗಿಯೋಗಂಟ ಬಾಗ್ಲಲ್ಲೇ ಕೂತಿರ್ತೀನಿ."

"ಬಾರವ್ವ" ಎಂದೆ.

ಪುಟ್ಟಮಲ್ಲಮ್ಮನಿಗೆ ಒಳಿತಾಗಲಿ. ರಮ್ಯಶ್ರೀಗೆ ಒಳಿತಾಗಲಿ. ನಿಜ ನುಡಿದ ನಟರಾಜುವಿಗೂ. ತಮ್ಮನಿಗೆ ಶಿವನ ಸನ್ನಿಧಿಯಲ್ಲಿ ಶಾಂತಿ ದೊರೆಯಲಿ. ಇನ್ನು ನನಗೆ—